ದುಡ್ಡಿನ ಬಾಲಕ್ಕೊಂದು ಅಕ್ಷರ: ಕೆ, ಎಲ್, ಸಿಆರ್, ಎಂ, ಬಿ

ಯಾವುದಾದರೂ ದೊಡ್ಡ ಕನ್ನಡ ಸಿನಿಮಾದ ಪೋಸ್ಟರ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಟೀಸರ್ ಬಂದ ಮರುದಿನ '10ಎಂ+ ವ್ಯೂಸ್' ಎಂದಿರುತ್ತದೆ. ಸಿನಿಮಾ ತೆರೆಗೆ ಬಂದು ವಾರ ಕಳೆದ ಮೇಲೆ '50ಸಿಆರ್+' ಎಂದಿರುತ್ತದೆ. ಸಿನಿಮಾ ಒಂದೇ, ಪ್ರಚಾರದವರೂ ಅವರೇ, ನೋಡುವ ಜನವೂ ಅವರೇ. ಆದರೆ ವ್ಯೂಸ್ ಲೆಕ್ಕ ಮಿಲಿಯನ್‌ನಲ್ಲಿ, ದುಡ್ಡಿನ ಲೆಕ್ಕ ಕೋಟಿಯಲ್ಲಿ. 10ಎಂ ಎಂದರೆ ಸರಿಯಾಗಿ 1 ಕೋಟಿ. 'ಒಂದು ಕೋಟಿ ವ್ಯೂಸ್' ಎಂದು ಹಾಕಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಹಾಗೆ ಹಾಕುವವರು ಕಡಿಮೆ. ವ್ಯೂಸ್ ಎಣಿಕೆ ಯೂಟ್ಯೂಬ್‌ನಿಂದ ಬರುತ್ತದೆ, ಅಲ್ಲಿ ಎಂ ಇದೆ. ಗಳಿಕೆಯ ಎಣಿಕೆ ಗಾಂಧಿನಗರದ ಲೆಕ್ಕದ ಪುಸ್ತಕದಿಂದ ಬರುತ್ತದೆ, ಅಲ್ಲಿ ಕೋಟಿ ಇದೆ.

ಇವು ಸೊನ್ನೆ ಬರೆಯುವ ಶ್ರಮ ತಪ್ಪಿಸಲು ಬಂದ ಅಕ್ಷರಗಳು ಎಂದುಕೊಂಡಿದ್ದೇವೆ. ನಿಜ, ತಪ್ಪಿಸುತ್ತವೆ. ಆದರೆ ಪ್ರತಿ ಅಕ್ಷರದ ಹಿಂದೆ ಒಂದು ಎಣಿಕೆ ಪದ್ಧತಿ, ಒಂದು ಕಸುಬು, ಎಷ್ಟೋ ಸಲ ಒಂದು ದೇಶ, ಒಂದು ಅವಧಿ ಕೂಡ ಅಡಗಿ ಕೂತಿರುತ್ತದೆ. ಅದೆಲ್ಲ ಮೊದಲೇ ಗೊತ್ತಿದ್ದವರಿಗೆ ಅಕ್ಷರ ಸಾಕು. ಗೊತ್ತಿಲ್ಲದವರು ಹತ್ತು ಪಟ್ಟು, ನೂರು ಪಟ್ಟು ತಪ್ಪು ಓದುತ್ತಾರೆ, ತಪ್ಪು ಓದಿದ್ದೇವೆ ಎಂಬುದೂ ಅವರಿಗೆ ಗೊತ್ತಾಗುವುದಿಲ್ಲ.

ದುಡ್ಡಿನ ಜೊತೆ ಅಕ್ಷರ ಹಚ್ಚುವುದು ನಮಗೆ ಹೊಸದೇನಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ಗದ್ಯಾಣಕ್ಕೆ 'ಗ', ಪಣಕ್ಕೆ 'ಪ' ಎಂದು ಬರೆದು ಪಕ್ಕದಲ್ಲಿ ಅಂಕಿ ಕೊರೆದದ್ದು ಸಾಕಷ್ಟು ಸಿಗುತ್ತದೆ. ನಾವು 'ರೂ.' ಎಂದು ಬರೆಯುವುದೂ ಅದೇ ರೀತಿ. ಅಲ್ಲಿ ಚಿಕ್ಕದಾದದ್ದು ನಾಣ್ಯದ ಹೆಸರು, ಸಂಖ್ಯೆ ಪೂರ್ತಿಯಾಗೇ ಉಳಿಯಿತು. ಈಗಿನ ಅಕ್ಷರಗಳು ಸಂಖ್ಯೆಯನ್ನೇ ಮೊಟಕು ಮಾಡುತ್ತವೆ. ನಾಣ್ಯ ಯಾವುದು ಎಂಬುದನ್ನು ಎಷ್ಟೋ ಸಲ ಹೇಳುವುದೇ ಇಲ್ಲ.

ಇದರಲ್ಲಿ ತಂಟೆ ಕಡಿಮೆ ಇರುವುದು 'ಕೆ'. ಗ್ರೀಕ್ ಭಾಷೆಯಲ್ಲಿ ಸಾವಿರಕ್ಕೆ ಇದ್ದ ಪದದಿಂದ ಫ್ರಾನ್ಸಿನವರು 1795ರಲ್ಲಿ 'ಕಿಲೋ' ಎಂದು ಮಾಡಿಕೊಂಡರು. ಕಿಲೋಗ್ರಾಂ, ಕಿಲೋಮೀಟರ್ ಮೂಲಕ ಅದು ಎಲ್ಲರ ಮನೆಗೂ ಬಂತು. ಕಂಪ್ಯೂಟರಿನವರು ಕೆ ಎಂದರು. 2000ನೇ ಇಸವಿ ಬರುವಾಗ ವೈ2ಕೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಂಗಳನ್ನು ತಿದ್ದುವ ಆ ಕೆಲಸದಿಂದ ಬೆಂಗಳೂರಿನ ಐಟಿ ಕಂಪನಿಗಳಿಗೆ ಒಳ್ಳೆಯ ಕಸುವು ಬಂತು. ಎರಡು ಅಂಕಿ ಉಳಿಸಲು ಹೋಗಿ ಆದ ತೊಂದರೆಗೆ ಮೂರು ಸೊನ್ನೆ ಉಳಿಸುವ ಹೆಸರು! ಅದು ಹೋಗಲಿ. 'ಎರಡು ಕೆ ಕಳ್ಸು, ಸಂಜೆ ಕೊಡ್ತೀನಿ' ಎಂದು ಈಗ ಹಳ್ಳಿಯ ಹುಡುಗರೂ ಮೆಸೇಜ್ ಮಾಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಕೆ ಅಷ್ಟು ಸಲೀಸಾಗಿ ಒಳಗೆ ಬರಲು ಕಾರಣ ಇದೆ. ನಮ್ಮಲ್ಲಿ ಸಾವಿರದ ತನಕ ಮೂರು ಅಂಕಿ, ಅಲ್ಲಿಂದ ಮುಂದೆ ಎರಡೆರಡು. ನೂರು ಸಾವಿರ ಒಂದು ಲಕ್ಷ, ನೂರು ಲಕ್ಷ ಒಂದು ಕೋಟಿ. ಇಂಗ್ಲಿಷ್ ಎಣಿಕೆಯಲ್ಲಿ ಕೊನೆಯತನಕ ಮೂರು ಮೂರು ಅಂಕಿ. ಸಾವಿರ ಸಾವಿರ ಮಿಲಿಯನ್, ಸಾವಿರ ಮಿಲಿಯನ್ ಬಿಲಿಯನ್, ಸಾವಿರ ಬಿಲಿಯನ್ ಟ್ರಿಲಿಯನ್. ಎರಡೂ ದಾರಿ ಸಾವಿರದಲ್ಲಿ ಸೇರುತ್ತವೆ, ಆಮೇಲೆ ಬೇರೆಯಾಗುತ್ತವೆ. ಲಕ್ಷಕ್ಕೆ ಅಲ್ಲಿ ಒಂಟಿ ಪದ ಇಲ್ಲ, ಮಿಲಿಯನ್‌ಗೆ ಇಲ್ಲಿ ಇಲ್ಲ. 10 ಲಕ್ಷ ಒಂದು ಮಿಲಿಯನ್, 10 ಮಿಲಿಯನ್ ಒಂದು ಕೋಟಿ, 100 ಕೋಟಿ ಒಂದು ಬಿಲಿಯನ್. ಎಲ್ಲ ಕಡೆಯೂ ಹತ್ತರಿಂದಲೋ ನೂರರಿಂದಲೋ ಗುಣಿಸಬೇಕು. ಗುಣಿಸದೆ ಮತ್ತೆ ಸೇರುವುದು ತುಂಬಾ ಮುಂದೆ ಹೋಗಿ, ಒಂದು ಲಕ್ಷ ಕೋಟಿಯಲ್ಲಿ. ಅದು ಸರಿಯಾಗಿ ಒಂದು ಟ್ರಿಲಿಯನ್.

ಕೆ ಅಕ್ಷರದಲ್ಲೂ ಒಂದು ಕೊಕ್ಕೆ ಇದೆ, ಅದು ಸಂಬಳದ ಮಾತು ಬಂದಾಗ. ಬೆಂಗಳೂರಿನಲ್ಲಿ ಯಾರಾದರೂ 'ನಂದು 80ಕೆ' ಎಂದರೆ ತಿಂಗಳಿಗೆ ಎಂದು ಅರ್ಥ. ಅಮೆರಿಕದಲ್ಲಿ '80ಕೆ' ಎಂದರೆ ವರ್ಷಕ್ಕೆ. ನಮ್ಮಲ್ಲಿ ವರ್ಷದ ಲೆಕ್ಕ ಹೇಳುವಾಗ ಕೆ ಬಿಟ್ಟು ಎಲ್ ಹಿಡಿಯುತ್ತೇವೆ: '12 ಎಲ್‌ಪಿಎ', ವರ್ಷಕ್ಕೆ 12 ಲಕ್ಷ. ಅಂದರೆ ಇಲ್ಲಿ ಕೆ ಎಂಬುದಕ್ಕೆ ತಿಂಗಳು, ಎಲ್ ಎಂಬುದಕ್ಕೆ ವರ್ಷ ಅಂಟಿಕೊಂಡಿದೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಬಳಕೆಯಲ್ಲಿ ಹಾಗಾಯಿತು. ಮಗ ಡಲ್ಲಾಸ್‌ನಿಂದ '150ಕೆ ಆಫರ್ ಬಂದಿದೆ' ಎಂದಾಗ ಮೈಸೂರಿನ ಅಪ್ಪ ಎರಡು ಲೆಕ್ಕ ಮಾಡಬೇಕು: ಇದು ಡಾಲರ್, ಇದು ವರ್ಷಕ್ಕೆ. ಡಾಲರ್‌ಗೆ 85 ರೂಪಾಯಿ ಹಿಡಿದರೂ 1 ಕೋಟಿ 27 ಲಕ್ಷ ದಾಟುತ್ತದೆ. ನೆಂಟರ ಮನೆಗೆ ಮುಟ್ಟುವ ಸುದ್ದಿ ಈ ಕೊನೆಯ ಅಂಕಿ ಮಾತ್ರ. ಅಲ್ಲಿನ ಬಾಡಿಗೆ, ತೆರಿಗೆ ಎಷ್ಟು ಕೆ ಎಂಬುದು ಮುಟ್ಟುವುದಿಲ್ಲ, ಅಲ್ವಾ?

ಎಲ್‌ಪಿಎ ಕೂಡ ಅಷ್ಟು ಸಾಚಾ ಅಕ್ಷರ ಅಲ್ಲ. 12 ಎಲ್‌ಪಿಎ ಎಂದ ಕೂಡಲೇ ಮನಸ್ಸು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಒಂದು ಲಕ್ಷ ಎನ್ನುತ್ತದೆ. ಆ 12ರೊಳಗೆ ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಎಲ್ಲ ಸೇರಿರಬಹುದು. ಕೈಗೆ ಬರುವುದು ಬೇರೆಯೇ ಸಂಖ್ಯೆ. ಮೊದಲ ಸಂಬಳ ನೋಡಿ ಮುಖ ಸಣ್ಣಗೆ ಮಾಡಿಕೊಂಡ ಎಷ್ಟು ಹುಡುಗ ಹುಡುಗಿಯರಿಲ್ಲ!

ಈಗ 'ಸಿಆರ್'ಗೆ ಬರೋಣ. ಬ್ಯಾಂಕ್ ಪಾಸ್‌ಬುಕ್ ಇದ್ದರೆ ತೆರೆದು ಕೊನೆಯ ಕಾಲಂ ನೋಡಿ. ಎಷ್ಟೋ ಬ್ಯಾಂಕುಗಳ ಪಾಸ್‌ಬುಕ್‌ನಲ್ಲಿ '12,450.00 ಸಿಆರ್' ಎಂಬಂತೆ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಕೋಟಿ ಅಲ್ಲ. ಕ್ರೆಡಿಟ್, ಅಂದರೆ ನಿಮ್ಮ ಖಾತೆಯಲ್ಲಿ ಅಷ್ಟು ಜಮಾ ಇದೆ ಎಂದು ಅರ್ಥ. ಸಾಲದ ಖಾತೆಯಾದರೆ ಅಲ್ಲಿ 'ಡಿಆರ್', ಅಂದರೆ ಡೆಬಿಟ್ ಇರುತ್ತದೆ. ಲೆಕ್ಕಪತ್ರದವರು ಈ ಎರಡಕ್ಷರವನ್ನು ಬಹಳ ಹಿಂದಿನಿಂದ ಬಳಸುತ್ತಾ ಬಂದಿದ್ದಾರೆ. ಕೋಟಿಯ ಸಿಆರ್ ಆಮೇಲೆ ಬಂದ ಬಾಡಿಗೆದಾರ. ಬ್ಯಾಂಕಿನಲ್ಲಿ ದುಡಿದವರಿಗೆ ಇದರ ಬಗ್ಗೆ ಹಳೇ ತಮಾಷೆಗಳೇ ಇವೆ. ಆದರೆ ಇಂಗ್ಲಿಷ್ ಅಷ್ಟಾಗಿ ಬಾರದ, ಈಗಷ್ಟೇ ಮೊಬೈಲಿನಲ್ಲಿ ಬ್ಯಾಂಕ್ ಮೆಸೇಜ್ ಓದಲು ಕಲಿತವರಿಗೆ ತಮಾಷೆ ಅಲ್ಲ. ಒಂದೇ ಸಿಆರ್ ಬ್ಯಾಂಕಿನ ಮೆಸೇಜ್‌ನಲ್ಲಿ 'ಜಮಾ ಆಯಿತು' ಎನ್ನುತ್ತದೆ, ಅದರ ಕೆಳಗೆ ಬಂದ ಸೈಟಿನ ಜಾಹೀರಾತಿನಲ್ಲಿ 'ಕೋಟಿ' ಎನ್ನುತ್ತದೆ.

ಜಾಹೀರಾತಿನಲ್ಲಿ ಸಿಆರ್ ಮಾಡುವ ಕೆಲಸ ಇನ್ನೂ ಜಾಣತನದ್ದು. ಸರ್ಜಾಪುರ, ವೈಟ್‌ಫೀಲ್ಡ್, ದೇವನಹಳ್ಳಿ ಕಡೆಯ ಹೋರ್ಡಿಂಗ್‌ಗಳನ್ನು ನೋಡಿ. '95ಎಲ್ ಆನ್‌ವರ್ಡ್ಸ್', ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. '1.05ಸಿಆರ್', ಅಲ್ಲೂ ಅದೇ ಗುರುತು. 1.05 ಎಂಬುದನ್ನು ಕಣ್ಣು ಸುಮ್ನೆ 'ಒಂದು ಚಿಲ್ಲರೆ' ಎಂದು ಓದುತ್ತದೆ. ಆ ಚಿಲ್ಲರೆ 5 ಲಕ್ಷ ರೂಪಾಯಿ. ಅದರ ಮೇಲೆ ಶೇ 5 ಮುದ್ರಾಂಕ ಶುಲ್ಕ ಹಾಕಿದರೆ 25,000. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಅದರಂತೆ ಇನ್ನೊಂದು 10,000. ಸೆಸ್, ಸರ್‌ಚಾರ್ಜ್ ಬೇರೆ. ಹೋರ್ಡಿಂಗ್‌ನಲ್ಲಿ ಎರಡು ಅಂಕಿಯಷ್ಟೇ ಜಾಗ ಹಿಡಿದ '.05' ಒಂದು ಮಧ್ಯಮ ವರ್ಗದ ಕುಟುಂಬದ ಹಲವು ವರ್ಷಗಳ ಉಳಿತಾಯ ಆಗಿರಬಹುದು. ಬೋರ್ಡಿನ ಮೇಲೆ 1,05,00,000 ಎಂದು ಬರೆದರೆ ಅದೇ ಜನ ನಿಂತು ಇನ್ನೊಮ್ಮೆ ಓದುತ್ತಾರೆ. ಅದಕ್ಕೇ ಹಾಗೆ ಬರೆಯುವುದಿಲ್ಲ.

ಇಷ್ಟಾದರೂ ಎಲ್ ಮತ್ತು ಸಿಆರ್ ನಮ್ಮದೇ ಎಣಿಕೆಯ ಮಕ್ಕಳು. ಇಂಗ್ಲಿಷ್ ಅಕ್ಷರ ಹಾಕಿಕೊಂಡಿವೆ, ಒಳಗೆ ಲಕ್ಷ, ಕೋಟಿಯೇ ಇದೆ. ಕರಾವಳಿಯ ಪತ್ರಿಕೆಗಳಲ್ಲಿ '50 ಲ.ರೂ.', '5 ಕೋ.ರೂ.' ಎಂದು ಓದಿ ಬೆಳೆದವರಿಗೆ ಇದು ಅದರದ್ದೇ ಇಂಗ್ಲಿಷ್ ವೇಷ. ಚೀನಾದಲ್ಲೂ ಇಂಥದ್ದು ಆಗಿದೆ. ಅಲ್ಲಿ ಹತ್ತು ಸಾವಿರಕ್ಕೆ 'ವಾನ್' ಎಂಬ ಪದ ಇದೆ. ಇಂಟರ್ನೆಟ್‌ನಲ್ಲಿ ಅಲ್ಲಿನ ಜನ ಅದನ್ನು ಇಂಗ್ಲಿಷಿನ ಡಬ್ಲ್ಯು ಅಕ್ಷರದಿಂದ ಬರೆಯುತ್ತಾರೆ. '10 ಡಬ್ಲ್ಯು' ಎಂದರೆ ಅವರಿಗೆ ಹತ್ತು ವಾನ್, ನಮಗೆ ಒಂದು ಲಕ್ಷ.

ತಲೆನೋವು ಶುರುವಾಗುವುದು 'ಎಂ' ಬಂದಾಗ. ಎಂ ಎಂದರೆ ಮಿಲಿಯನ್, ಇದು ಎಲ್ಲರಿಗೂ ಗೊತ್ತು. ಆದರೆ ರೋಮನ್ ಅಂಕಿಯಲ್ಲಿ ಎಂ ಎಂದರೆ ಸಾವಿರ. ಕೆಲವು ಕಸುಬುಗಳಲ್ಲಿ ಈ ಹಳೆಯ ಎಂ ಇನ್ನೂ ಬದುಕಿದೆ. ಜಾಹೀರಾತಿನವರ 'ಸಿಪಿಎಂ' ಎಂದರೆ ಸಾವಿರ ಸಲ ತೋರಿಸಲು ಆಗುವ ಖರ್ಚು. ಯೂಟ್ಯೂಬ್ ಚಾನೆಲ್ ನಡೆಸುವ ಕನ್ನಡದ ಹುಡುಗರನ್ನು ಕೇಳಿ. ಒಂದೇ ಪರದೆಯ ಮೇಲೆ '1ಎಂ' ಚಂದಾದಾರರು ಎಂದಿರುತ್ತದೆ, ಅಲ್ಲಿ ಎಂ ಹತ್ತು ಲಕ್ಷ. ಬೆರಳು ಜರುಗಿಸಿದರೆ 'ಆರ್‌ಪಿಎಂ' ಎಂದಿರುತ್ತದೆ, ಅಂದರೆ ಸಾವಿರ ವ್ಯೂಸ್‌ಗೆ ಸಿಗುವ ಹಣ, ಅಲ್ಲಿ ಎಂ ಸಾವಿರ. ಆರ್‌ಪಿಎಂ 50 ರೂಪಾಯಿ ಇದ್ದರೆ ಹತ್ತು ಲಕ್ಷ ವ್ಯೂಸ್‌ಗೆ 50 ಸಾವಿರ ರೂಪಾಯಿ. ಎರಡನೇ ಎಂ ಅನ್ನೂ ಮಿಲಿಯನ್ ಎಂದು ಓದಿದವನಿಗೆ ಅದೇ ಹತ್ತು ಲಕ್ಷಕ್ಕೆ ಐವತ್ತೇ ರೂಪಾಯಿ!

ಈ ಗೊಂದಲಕ್ಕೆ ಹಣಕಾಸಿನವರು ಕಂಡುಕೊಂಡ ದಾರಿ 'ಎಂಎಂ'. ಎಂ ಸಾವಿರವಾದರೆ ಎಂಎಂ ಸಾವಿರ ಸಾವಿರ, ಅಂದರೆ ಮಿಲಿಯನ್. ರೋಮನ್ನರ ಪ್ರಕಾರ ನೋಡಿದರೆ ಇದೂ ತಪ್ಪು. ಅವರ ಎಂಎಂ ಎಂದರೆ ಎರಡು ಸಾವಿರ, ಯಾಕೆಂದರೆ ಅವರು ಅಕ್ಷರಗಳನ್ನು ಕೂಡಿಸುತ್ತಿದ್ದರು, ಗುಣಿಸುತ್ತಿರಲಿಲ್ಲ. ಆದರೂ ಅಮೆರಿಕದ ಬ್ಯಾಂಕರ್‌ಗಳು, ಪ್ರಪಂಚದ ಎಣ್ಣೆ ಮತ್ತು ಅನಿಲದ ವ್ಯಾಪಾರಿಗಳು ಎಂಎಂ ಬಿಡಲಿಲ್ಲ. ನಮ್ಮ ಸುದ್ದಿಯಲ್ಲೂ ಅದು ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಹಳೆಯ ನಿಕ್ಷೇಪಗಳ ಅನಿಲಕ್ಕೆ ಪ್ರತಿ 'ಎಂಎಂಬಿಟಿಯು'ಗೆ (ಬಿಟಿಯು ಎಂದರೆ ಶಾಖದ ಒಂದು ಅಳತೆ) 6.5 ಡಾಲರ್ ಗರಿಷ್ಠ ಬೆಲೆ ಗೊತ್ತು ಮಾಡಿತು. ಇಲ್ಲಿ ಎಂಎಂ ಎಂದರೆ ಮಿಲಿಯನ್. ಅದೇ ಇಲಾಖೆಗಳ ಕಡತದಲ್ಲಿ 'ಎಂಎಂಟಿ' ಎಂದಿದ್ದರೆ ಒಂದು ಎಂ ಮಿಲಿಯನ್, ಇನ್ನೊಂದು ಎಂ ಮೆಟ್ರಿಕ್, ಟಿ ಎಂದರೆ ಟನ್.

ಲಂಡನ್‌ನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬಹಳ ಕಾಲ ಮಿಲಿಯನ್‌ಗೆ ಬರೀ 'ಎಂ' ಹಾಕುತ್ತಿತ್ತು. ಕೆಲವು ವರ್ಷಗಳ ಹಿಂದೆ 'ಎಂಎನ್' ಎಂದು ಬದಲಿಸಿತು. ಕಾರಣ ಚೆನ್ನಾಗಿದೆ: ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಎಂ ಅನ್ನು ಮೀಟರ್ ಎಂದು ಓದಿಬಿಡಬಹುದು. ಕಣ್ಣಿಗೆ ಸರಿಯಿದ್ದ ಅಕ್ಷರ ಕಿವಿಗೆ ಬಂದಾಗ ಕೆಟ್ಟಿತು.

'ಬಿ' ಮತ್ತು 'ಟಿ'ಯ ಕತೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಬಿಲಿಯನ್ ಎಂದರೆ ಮೊದಲು ಮಿಲಿಯನ್ ಮಿಲಿಯನ್, ಅಂದರೆ ನಮ್ಮ ಲಕ್ಷ ಕೋಟಿ. ಅಮೆರಿಕದಲ್ಲಿ ಸಾವಿರ ಮಿಲಿಯನ್. 1974ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್, ಸರ್ಕಾರದ ಅಂಕಿಅಂಶದಲ್ಲಿ ಇನ್ನು ಮುಂದೆ ಬಿಲಿಯನ್ ಎಂದರೆ ಸಾವಿರ ಮಿಲಿಯನ್ ಎಂದು ಸಂಸತ್ತಿಗೆ ತಿಳಿಸಿದರು. ಜರ್ಮನಿ, ಫ್ರಾನ್ಸ್ ಇಂದಿಗೂ ಒಪ್ಪಿಲ್ಲ. ಜರ್ಮನಿಯಲ್ಲಿ ಸಾವಿರ ಮಿಲಿಯನ್‌ಗೆ 'ಮಿಲಿಯಾರ್ಡೆ', ಬಿಲಿಯನ್ ಎಂದರೆ ಅವರಿಗೆ ನಮ್ಮ ಲಕ್ಷ ಕೋಟಿ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗರು ಬೆಳಿಗ್ಗೆ ಇಂಗ್ಲಿಷ್ ವರದಿ, ಮಧ್ಯಾಹ್ನ ಜರ್ಮನ್ ವರದಿ ಓದಿದರೆ ಬಿ ಅಕ್ಷರ ಸಾವಿರ ಪಟ್ಟು ಹಿಗ್ಗಿರುತ್ತದೆ.

ನಮ್ಮ ದೇಶದೊಳಗೇ ಈ ಜಗಳ ಎಷ್ಟು ಹತ್ತಿರದಲ್ಲಿದೆ ನೋಡಿ. ಬೆಂಗಳೂರಿನ ಎರಡು ದೊಡ್ಡ ಕಂಪನಿಗಳು, ಇನ್ಫೋಸಿಸ್ ಮತ್ತು ವಿಪ್ರೋ. ಇನ್ಫೋಸಿಸ್ ತನ್ನ ರೂಪಾಯಿ ಲೆಕ್ಕವನ್ನು ಕೋಟಿಯಲ್ಲಿ ಕೊಡುತ್ತದೆ. ವಿಪ್ರೋ ಮಿಲಿಯನ್‌ನಲ್ಲಿ ಕೊಡುತ್ತದೆ, ಪತ್ರಿಕಾ ಪ್ರಕಟಣೆಯಲ್ಲಿ ಬಿಲಿಯನ್ ಎನ್ನುತ್ತದೆ. 2023-24ರಲ್ಲಿ ಇನ್ಫೋಸಿಸ್ ಆದಾಯ ₹1,53,670 ಕೋಟಿ. ಅದೇ ವರ್ಷ ವಿಪ್ರೋ ಆದಾಯ ₹897.6 ಬಿಲಿಯನ್. ಪಕ್ಕಪಕ್ಕ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಬಿಲಿಯನ್ ಅನ್ನು ನೂರರಿಂದ ಗುಣಿಸಿ ಕೋಟಿಗೆ ತಂದರೆ 89,760 ಕೋಟಿ. ಈಗ ಹೋಲಿಸಬಹುದು. ಅಮೆರಿಕದ ಷೇರುಪೇಟೆಯಲ್ಲಿ ಇರುವುದಕ್ಕೇ ವಿಪ್ರೋ ಹೀಗೆ ಮಾಡುತ್ತದೆ ಎನ್ನೋಣವೆಂದರೆ ಇನ್ಫೋಸಿಸ್ ಕೂಡ ಅಲ್ಲಿದೆ. ಅವರವರ ಆಯ್ಕೆ. ಕಾನೂನೂ ಜಾಗ ಬಿಟ್ಟಿದೆ. ಕಂಪನಿ ಕಾಯ್ದೆಯ ಮೂರನೇ ಪರಿಶಿಷ್ಟದ ಪ್ರಕಾರ, ಒಟ್ಟು ಆದಾಯ 100 ಕೋಟಿ ಅಥವಾ ಜಾಸ್ತಿ ಇದ್ದರೆ ಲಕ್ಷ, ಮಿಲಿಯನ್, ಕೋಟಿ ಯಾವುದರಲ್ಲಾದರೂ ಲೆಕ್ಕ ತೋರಿಸಬಹುದು. ಒಮ್ಮೆ ಆರಿಸಿಕೊಂಡ ಅಳತೆಯನ್ನು ವರದಿಯುದ್ದಕ್ಕೂ ಬಿಡಬಾರದು, ಅಷ್ಟೇ.

ರಿಸರ್ವ್ ಬ್ಯಾಂಕ್ ಕೂಡ ಮನಸ್ಸು ಬದಲಿಸಿದೆ. 2017ರಲ್ಲಿ ಕೇಂದ್ರ ಸರ್ಕಾರಕ್ಕೆ ತನ್ನ ಹೆಚ್ಚುವರಿ ಹಣ ಕೊಟ್ಟಾಗ ಅದರ ಪ್ರಕಟಣೆಯಲ್ಲಿ ಇದ್ದದ್ದು ₹306.59 ಬಿಲಿಯನ್. 2019ರಲ್ಲಿ ಅದೇ ಬಗೆಯ ಪ್ರಕಟಣೆಯಲ್ಲಿ ಇದ್ದದ್ದು ₹1,76,051 ಕೋಟಿ. ಮೊದಲನೆಯದು 30,659 ಕೋಟಿ. ಎರಡು ವರ್ಷದಲ್ಲಿ ಸುಮಾರು ಆರು ಪಟ್ಟು ಹತ್ತಿರ ಏರಿದ್ದು ದೊಡ್ಡ ಸುದ್ದಿ. ಆದರೆ ಎರಡೂ ಪ್ರಕಟಣೆಯನ್ನು ಕೈಯಲ್ಲಿ ಹಿಡಿದ ಸಾಮಾನ್ಯ ಓದುಗನಿಗೆ ಒಂದು 306, ಇನ್ನೊಂದು ಒಂದೂಮುಕ್ಕಾಲು ಲಕ್ಷ. ಹೋಲಿಸುವ ಕೆಲಸ ಸುದ್ದಿಮನೆಯ ಉಪಸಂಪಾದಕರ ಮೇಲೆ ಬೀಳುತ್ತದೆ.

ಆ ಕೆಲಸ ಹೇಗಿರುತ್ತದೆ ಎಂದು ಒಮ್ಮೆ ಮಾಡಿ ನೋಡೋಣ. 2018ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್, ಫ್ಲಿಪ್‌ಕಾರ್ಟ್‌ನ ಸುಮಾರು ಶೇ 77 ಪಾಲನ್ನು '16ಬಿ ಡಾಲರ್‌'ಗೆ ಕೊಳ್ಳುತ್ತದೆ ಎಂಬ ಸುದ್ದಿ ಬಂತು. ರಾತ್ರಿ ಪುಟ ಮುಗಿಸುವ ಹೊತ್ತು. ಬಿ ಅಂದರೆ ನೂರು ಕೋಟಿ, ಹಾಗಾಗಿ 1,600 ಕೋಟಿ ಡಾಲರ್. ಆಗ ಡಾಲರ್‌ಗೆ ಸುಮಾರು 67 ರೂಪಾಯಿ. ಗುಣಿಸಿದರೆ 1,07,200 ಕೋಟಿ ರೂಪಾಯಿ, ಅಂದರೆ 1.07 ಲಕ್ಷ ಕೋಟಿ. ಬಿ ತಪ್ಪಿ ಎಂ ಆದರೆ 107 ಕೋಟಿಗೆ ಇಳಿಯುತ್ತದೆ. ಡಾಲರ್ ಮರೆತರೆ 1,600 ಕೋಟಿ. ಎರಡೂ ಮೇಲ್ನೋಟಕ್ಕೆ ನಂಬುವಂಥ ಸಂಖ್ಯೆಗಳೇ. ಅದೇ ಅಪಾಯ. 107 ಕೋಟಿ ನೋಡಿ ಓದುಗ 'ಅಬ್ಬಾ' ಎನ್ನುತ್ತಾನೆ, 1.07 ಲಕ್ಷ ಕೋಟಿ ನೋಡಿಯೂ 'ಅಬ್ಬಾ' ಎನ್ನುತ್ತಾನೆ. ಕೋಟಿ ದಾಟಿದ ಮೇಲೆ ನಮ್ಮ ಅಬ್ಬಾಗೆ ಅಳತೆಯೇ ಇಲ್ಲ.

ಅಳತೆ ಇಲ್ಲದಿರುವುದು ಓದುಗರಿಗೆ ಮಾತ್ರ ಅಲ್ಲ. ದೇಶದ ಆರ್ಥಿಕತೆಯನ್ನು 5 ಟ್ರಿಲಿಯನ್ ಡಾಲರ್ ಮಾಡುವ ಮಾತು ಜೋರಾಗಿದ್ದ 2019ರಲ್ಲಿ, ಟಿವಿ ಚರ್ಚೆಯೊಂದರಲ್ಲಿ ಆಗ ಕಾಂಗ್ರೆಸ್ ವಕ್ತಾರರಾಗಿದ್ದ ಗೌರವ್ ವಲ್ಲಭ್ ಅವರು ಬಿಜೆಪಿಯ ಸಂಬಿತ್ ಪಾತ್ರಾ ಅವರಿಗೆ ಟ್ರಿಲಿಯನ್‌ಗೆ ಎಷ್ಟು ಸೊನ್ನೆ ಎಂದು ಕೇಳಿದರು. ಉತ್ತರ ನೇರವಾಗಿ ಬರಲಿಲ್ಲ. ವಿಡಿಯೊ ಎಲ್ಲ ಕಡೆ ಹರಿದಾಡಿತು. ಹನ್ನೆರಡು ಸೊನ್ನೆ. ಕೇಳಿದವರು 2024ರಲ್ಲಿ ಬಿಜೆಪಿ ಸೇರಿದರು, ಅದು ಬೇರೆ ಲೆಕ್ಕ. 2020ರ ಮೇ 12ರಂದು ಪ್ರಧಾನಿ ನರೇಂದ್ರ ಮೋದಿಯವರು 20 ಲಕ್ಷ ಕೋಟಿಯ ಕೋವಿಡ್ ಪ್ಯಾಕೇಜ್ ಹೇಳಿದ ರಾತ್ರಿಯೂ ವಾಟ್ಸ್‌ಆ್ಯಪ್‌ನಲ್ಲಿ ನಡೆದದ್ದು ಸೊನ್ನೆ ಎಣಿಸುವ ಆಟವೇ. ಎರಡರ ಮುಂದೆ ಹದಿಮೂರು.

'ಲಕ್ಷ ಕೋಟಿ'ಗೆ ನಮ್ಮಲ್ಲಿ ಒಂಟಿ ಅಕ್ಷರ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ಒಂಟಿ ಪದವೂ ಬಳಕೆಯಲ್ಲಿಲ್ಲ. ನೇಪಾಳದಲ್ಲಿ ಬಜೆಟ್ ಇಂದಿಗೂ ಅರ್ಬ, ಖರ್ಬಗಳಲ್ಲಿ ಬರುತ್ತದೆ. ನೂರು ಕೋಟಿ ಒಂದು ಅರ್ಬ, ನೂರು ಅರ್ಬ ಒಂದು ಖರ್ಬ. ನಾವು ಅವನ್ನು ಬಿಟ್ಟು, ಲಕ್ಷವನ್ನೂ ಕೋಟಿಯನ್ನೂ ಪೋಣಿಸಿಕೊಂಡೆವು. ಅದರಿಂದ ಆದದ್ದೇನೆಂದರೆ ದಶಾಂಶದ ಚುಕ್ಕಿ ಭಾರಿಯಾಯಿತು. ಕರ್ನಾಟಕದ 2025-26ರ ಬಜೆಟ್ ಗಾತ್ರ ₹4,09,549 ಕೋಟಿ. ಮಾತಿನಲ್ಲಿ ಅದು '4.09 ಲಕ್ಷ ಕೋಟಿ' ಆಗುತ್ತದೆ. ಹಾಗೆಂದಾಗ ಕೈಬಿಟ್ಟು ಹೋದದ್ದು 549 ಕೋಟಿ ರೂಪಾಯಿ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ₹10.27 ಲಕ್ಷ ಕೋಟಿಯ ಹೂಡಿಕೆ ಭರವಸೆ ಬಂತು ಎಂದು ಸರ್ಕಾರ ಹೇಳಿತು. ಇದನ್ನು ಯಾರಾದರೂ ಬಾಯಿಮಾತಿಗೆ 10.3 ಎಂದರೆ 3,000 ಕೋಟಿ ಸುಮ್ಮನೆ ಸೇರಿಕೊಂಡಿತು. ಈ ಅಳತೆಯಲ್ಲಿ ಚುಕ್ಕಿಯ ಆಚೆಗಿನ ಎರಡನೇ ಅಂಕಿಯ ಒಂದೊಂದು ಮೆಟ್ಟಿಲೂ ಸಾವಿರ ಕೋಟಿ. ಒಂದು ತಾಲ್ಲೂಕು ಆಸ್ಪತ್ರೆಗೆ ಎಷ್ಟು ಕೊಟ್ಟರು ಎಂಬ ಪ್ರಶ್ನೆ ಇಲ್ಲಿ ಮೂರನೇ ದಶಾಂಶಕ್ಕೂ ಸಿಗುವುದಿಲ್ಲ.

ಹೊರದೇಶದ ಸುದ್ದಿಸಂಸ್ಥೆ ಇದೇ ಹೂಡಿಕೆಯನ್ನು '10.27 ಟ್ರಿಲಿಯನ್ ರೂಪಾಯಿ' ಎನ್ನುತ್ತದೆ. ಅದೂ ಸರಿಯೇ. ಆದರೆ ಕರ್ನಾಟಕವನ್ನು ಒಂದು ಟ್ರಿಲಿಯನ್ ಆರ್ಥಿಕತೆ ಮಾಡುತ್ತೇವೆ ಎಂದು ಭಾಷಣದಲ್ಲಿ ಕೇಳಿಬರುವ ಟ್ರಿಲಿಯನ್ ಡಾಲರ್‌ನದ್ದು. ಎರಡು ಟ್ರಿಲಿಯನ್‌ಗಳ ನಡುವೆ ಎಂಬತ್ತಕ್ಕೂ ಜಾಸ್ತಿ ಪಟ್ಟು ವ್ಯತ್ಯಾಸ. ಬರೀ 'ಟಿ' ಎಂದು ಬರೆದು ನಾಣ್ಯ ಬಿಟ್ಟರೆ ಹೋದದ್ದು ಇಷ್ಟು.

ಹಾಗಾದರೆ ಅಕ್ಷರ ಬೇಡವೇ? ಬೇಡ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಗೆಳೆಯರ ನಡುವೆ ಕೆ, ಎಲ್ ಸಾಕು. ನನ್ನ ತಕರಾರು ಇಷ್ಟೇ: ರೂಪಾಯಿಗೆ ಎಂ, ಬಿ ಹಚ್ಚುವುದನ್ನು ಬಿಡಬೇಕು. ರೂಪಾಯಿಯನ್ನು ಲಕ್ಷ, ಕೋಟಿಯಲ್ಲೇ ಎಣಿಸುವ ಜನರ ಮುಂದೆ ರೂಪಾಯಿಯನ್ನು ಮಿಲಿಯನ್ ಮಾಡಿ ಇಡುವುದು ಓದುವವರಿಗೆ ಸುಮ್ನೆ ಕೊಡುವ ಕೆಲಸ. ದುಡ್ಡು ಕೈ ಬದಲಾಗುವ ಕಾಗದದಲ್ಲಂತೂ ಯಾವ ಅಕ್ಷರವೂ ಬೇಡ. ಕಾನೂನಿಗೆ ಇದು ಯಾವಾಗಲೋ ಗೊತ್ತಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಪ್ರಕಾರ, ಚೆಕ್‌ನಂಥ ಪತ್ರದಲ್ಲಿ ಅಂಕಿಯಲ್ಲಿ ಒಂದು, ಪದಗಳಲ್ಲಿ ಇನ್ನೊಂದು ಇದ್ದರೆ ಪದಗಳಲ್ಲಿ ಬರೆದದ್ದೇ ಮೊತ್ತ. ಕ್ರಯಪತ್ರದಲ್ಲಿ 'ಅಕ್ಷರದಲ್ಲಿ ಒಂದು ಕೋಟಿ ಐದು ಲಕ್ಷ ರೂಪಾಯಿಗಳು ಮಾತ್ರ' ಎಂದು ಪತ್ರಬರಹಗಾರರು ಬರೆಯುವುದನ್ನು ನೋಡಿರುತ್ತೀರಿ. ಹೋರ್ಡಿಂಗ್‌ನ 1.05ಸಿಆರ್ ಅಲ್ಲಿಗೆ ಬಂದಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆದರೆ ಅಷ್ಟು ಹೊತ್ತಿಗೆ ಮುಂಗಡ ಕೊಟ್ಟಾಗಿರುತ್ತದೆ.

ಎಂ ಮತ್ತು ಬಿ ಇಷ್ಟು ಬೇಗ ಹರಡಲು ಫ್ಯಾಷನ್ ಒಂದೇ ಕಾರಣ ಅಲ್ಲ, ಉಪಕರಣವೂ ಕಾರಣ. ಎಕ್ಸೆಲ್ ಹಾಳೆಯಲ್ಲಿ ಸಂಖ್ಯೆಯನ್ನು ಚಿಕ್ಕದಾಗಿ ತೋರಿಸಲು ಒಂದು ಸುಲಭ ಉಪಾಯ ಇದೆ. ಸಂಖ್ಯೆಯ ವಿನ್ಯಾಸ ಬರೆಯುವ ಕಡೆ ಕೊನೆಯಲ್ಲಿ ಒಂದು ಅಲ್ಪವಿರಾಮ ಹಾಕಿದರೆ ಸಾವಿರದಲ್ಲಿ ತೋರಿಸುತ್ತದೆ, ಎರಡು ಹಾಕಿದರೆ ಮಿಲಿಯನ್‌ನಲ್ಲಿ. ಒಂದೊಂದು ಅಲ್ಪವಿರಾಮಕ್ಕೆ ಮೂರು ಸೊನ್ನೆ ಹೋಗುತ್ತದೆ. ಲಕ್ಷಕ್ಕೆ ಐದು ಸೊನ್ನೆ, ಕೋಟಿಗೆ ಏಳು. ಎಷ್ಟು ಅಲ್ಪವಿರಾಮ ಹಾಕಿದರೂ ಐದೂ ಬರುವುದಿಲ್ಲ, ಏಳೂ ಬರುವುದಿಲ್ಲ. ಅದಕ್ಕೆ ನಮ್ಮ ಲೆಕ್ಕದವರು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಲಕ್ಷದಿಂದ ಭಾಗಿಸುತ್ತಾರೆ. ಅವಸರದಲ್ಲಿರುವವನು ಎರಡು ಅಲ್ಪವಿರಾಮ ಒತ್ತಿ ಮಿಲಿಯನ್ ಮಾಡಿ ಕಳಿಸುತ್ತಾನೆ.

ಮೊಬೈಲಿನೊಳಗೂ ಇದೇ ಕತೆ. ಆ್ಯಪ್‌ಗಳು ದೊಡ್ಡ ಸಂಖ್ಯೆಯನ್ನು ಮೊಟಕಾಗಿ ತೋರಿಸಲು ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ ಮಾಡಿರುವ ಯೂನಿಕೋಡ್ ಸಂಸ್ಥೆ ಇಟ್ಟಿರುವ ಪಟ್ಟಿಯೊಂದನ್ನು ನೋಡುತ್ತವೆ. ಯಾವ ಭಾಷೆಯಲ್ಲಿ ಸಾವಿರಕ್ಕೆ ಏನು, ಅದರ ಮೇಲೆ ಏನು ಎಂದು ಅದರಲ್ಲಿ ಬರೆದಿದೆ. ಭಾರತದ ಇಂಗ್ಲಿಷ್‌ಗೆ ಲಕ್ಷಕ್ಕೆ ಎಲ್, ಕೋಟಿಗೆ ಸಿಆರ್ ಬಂದಿವೆ. ಒಂದು ಅವಧಿಯಲ್ಲಿ ಅದರಲ್ಲೇ ಸಾವಿರಕ್ಕೆ 'ಟಿ' ಎಂದಿತ್ತು. ಐದು ಸಾವಿರ ರೂಪಾಯಿ ಬೆಲೆಯ ಚಪ್ಪಲಿಗೆ '5ಟಿ' ಎಂದು ಬಂದರೆ ಅದನ್ನು ಟ್ರಿಲಿಯನ್ ಎಂದು ಓದುವವರೇ ಜಾಸ್ತಿ. ವೆಬ್‌ಸೈಟ್ ಮಾಡುವವರು ತಲೆ ಚಚ್ಚಿಕೊಂಡರು. ಹಿಂದಿಯ ಸಾಲಿನಲ್ಲಿ ಹಜಾರ್, ಲಾಖ್, ಆಮೇಲೆ ಕರೋಡ್, ಅರಬ್, ಖರಬ್‌ಗಳ ಮೊದಲ ಅಕ್ಷರಗಳಿವೆ. ಕನ್ನಡದ ಸಾಲಿನಲ್ಲಿ ವರ್ಷಗಟ್ಟಲೆ ಇದ್ದದ್ದು ಸಾವಿರಕ್ಕೆ 'ಸಾ', ಆಮೇಲೆ ನೇರವಾಗಿ ಮಿಲಿಯನ್‌ಗೆ 'ಮಿ', ಬಿಲಿಯನ್‌ಗೆ 'ಬಿ', ಟ್ರಿಲಿಯನ್‌ಗೆ 'ಟ್ರಿ'. ಲಕ್ಷ ಇಲ್ಲ, ಕೋಟಿ ಇಲ್ಲ. ಫೋನ್ ಭಾಷೆಯನ್ನು ಅಭಿಮಾನದಿಂದ ಕನ್ನಡಕ್ಕೆ ಬದಲಿಸಿಕೊಂಡವರಿಗೆ ಹತ್ತು ಲಕ್ಷ '1ಮಿ' ಆಗಿ ಕಾಣುತ್ತದೆ, ಹಿಂದಿಗೆ ಬದಲಿಸಿದರೆ '10 ಲಾಖ್'.

ಈ ಪಟ್ಟಿ ಕಲ್ಲಿನಲ್ಲಿ ಕೊರೆದದ್ದಲ್ಲ. ಹೊಸ ಆವೃತ್ತಿ ಬರುವ ಮುಂಚೆ ಭಾಷೆ ಬಲ್ಲವರಿಂದ ತಿದ್ದುಪಡಿ ಕೇಳಿ, ಮತ ಹಾಕಿಸಿ, ಆಮೇಲೆ ಸೇರಿಸುತ್ತಾರೆ. ಕನ್ನಡ ಸಾಫ್ಟ್‌ವೇರ್ ಕೆಲಸದಲ್ಲಿರುವವರು, ವಿಶ್ವವಿದ್ಯಾಲಯದವರು, ಸರ್ಕಾರದ ಇ-ಆಡಳಿತದವರು ಕೂತು ಆ ಸಾಲಿಗೆ ಲಕ್ಷ, ಕೋಟಿ ಹಾಕಿಸಬಹುದು. ಹಾಕಿಸಿದ ಮೇಲೆ ಆ್ಯಪ್ ಮಾಡುವವರು ಬೇರೇನೂ ಮಾಡಬೇಕಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ತಾನಾಗೇ ಬರುತ್ತದೆ.